ಶಿಶು ಹಾಲಿನ ಪುಡಿಯ ಆಮದು ನಿಯಮಗಳು (ಅಮೆರಿಕ)

ತಾಯಿಯ ಎದೆಹಾಲಿಗೆ ಬದಲಾಗಿ, ಇಲ್ಲವೆ ಅದರ ಜೊತೆಗೆ, ಒಂದು ವರ್ಷದೊಳಗಿನ ಕೂಸಿಗೆ ಕುಡಿಸಲು ಕಾರ್ಖಾನೆಯಲ್ಲಿ ತಯಾರಿಸುವ ಪುಡಿಗೆ ಶಿಶು ಫಾರ್ಮುಲಾ ಎಂದು ಹೆಸರು. ನಮ್ಮ ಮನೆಗಳಲ್ಲಿ ಇದು ಡಬ್ಬಿ ಹಾಲು. ಹೊರದೇಶದ ಡಬ್ಬಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಂಗಡಿಗೆ ಬರಬೇಕಾದರೆ ಯಾವ ಪರೀಕ್ಷೆ ದಾಟಬೇಕು, ಎಷ್ಟು ಸುಂಕ ತೆರಬೇಕು ಎಂಬ ನಿಯಮಗಳು ಸುಮಾರು ನಾಲ್ಕು ದಶಕಗಳಲ್ಲಿ ಒಂದರ ಮೇಲೊಂದು ಸೇರಿಕೊಂಡು ಬಂದವು. 2022ರಲ್ಲಿ ಡಬ್ಬಿಗಳೇ ಸಿಗದಂತಾದಾಗ ಅವುಗಳನ್ನು ಕೆಲವು ತಿಂಗಳ ಮಟ್ಟಿಗೆ ಸಡಿಲಿಸಲಾಯಿತು. ಆ ಸಡಿಲಿಕೆ ಯಾರಿಗೆ ಎಷ್ಟು ಒದಗಿತು ಎಂಬುದು ಇಂದಿಗೂ ಚರ್ಚೆಯ ವಿಷಯ.

ಹಿನ್ನೆಲೆ

ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ತನ್ನ ಶಿಶು ಆಹಾರವನ್ನು ಪ್ರಕಟಿಸಿದ. ಅದೇ ದಶಕದಲ್ಲಿ, 1867ರಲ್ಲಿ, ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ತನ್ನ ಹಾಲಿನ ಹಿಟ್ಟನ್ನು ಮಾರುಕಟ್ಟೆಗೆ ತಂದ. ಹೀಗೆ ಯೂರೋಪಿನಲ್ಲಿ ಹುಟ್ಟಿದ ಪದಾರ್ಥಕ್ಕೆ ಅಮೆರಿಕದ ಬಾಗಿಲು ಮುಕ್ಕಾಲುಪಾಲು ಮುಚ್ಚಿಕೊಂಡದ್ದು ಬಹಳ ಕಾಲದ ಮೇಲೆ, ಅದೂ ಒಂದು ಸ್ವದೇಶಿ ತಪ್ಪಿನಿಂದ. 1978ರಲ್ಲಿ ಸಿಂಟೆಕ್ಸ್ ಎಂಬ ಅಮೆರಿಕದ ಕಂಪನಿ ತನ್ನ ಎರಡು ಸೋಯಾ ಫಾರ್ಮುಲಾಗಳಿಗೆ ಉಪ್ಪು ಬೆರೆಸುವುದನ್ನು ನಿಲ್ಲಿಸಿತು. ಅವುಗಳನ್ನೇ ನಂಬಿದ್ದ ಕೂಸುಗಳಿಗೆ ಕ್ಲೋರೈಡ್ ಸಾಲದೆ ರಕ್ತದ ಕ್ಷಾರ ಏರಿತು. ಮೈ ಹಿಡಿಯುವುದು ನಿಂತಿತು. 1979ರಲ್ಲಿ ಡಬ್ಬಿಗಳನ್ನು ಹಿಂದಕ್ಕೆ ಪಡೆಯಲಾಯಿತು. ತಂದೆತಾಯಿಗಳ ಒತ್ತಾಯದ ಫಲವಾಗಿ 1980ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶಿಶು ಫಾರ್ಮುಲಾ ಕಾಯ್ದೆಗೆ ಸಹಿ ಹಾಕಿದರು.

ಈ ಕಾಯ್ದೆ ಮತ್ತು ಅದರ ಬೆನ್ನಿಗೆ ಬಂದ ನಿಯಮಗಳ ಪ್ರಕಾರ ಪುಡಿಯಲ್ಲಿ 30 ಪೋಷಕಾಂಶಗಳು ಇಂತಿಷ್ಟು ಇರಲೇಬೇಕು. ಹೊಸ ಉತ್ಪನ್ನವನ್ನು ಮಾರಾಟಕ್ಕೆ ಬಿಡುವ 90 ದಿನ ಮುಂಚೆ ಆಹಾರ ಮತ್ತು ಔಷಧ ಆಡಳಿತಕ್ಕೆ, ಅಂದರೆ ಎಫ್‌ಡಿಎಗೆ, ವಿವರ ಸಲ್ಲಿಸಬೇಕು. 2014ರ ನಿಯಮದಂತೆ ಆ ಪುಡಿ ಕುಡಿದ ಕೂಸುಗಳ ಬೆಳವಣಿಗೆಯನ್ನು ಕನಿಷ್ಠ 15 ವಾರ ಅಳೆದು ತೋರಿಸಬೇಕು. ಇದೇ ಕೆಲಸವನ್ನು ಯೂರೋಪಿನಲ್ಲಿ ಅಲ್ಲಿನ ನಿಯಮದಂತೆ ಮಾಡಿ ಮುಗಿಸಿದ ಕಂಪನಿಗೂ ವಿನಾಯಿತಿಯಿಲ್ಲ. ದಶಕಗಳಿಂದ ಜರ್ಮನಿಯ ಕೂಸುಗಳು ಕುಡಿದು ಬೆಳೆದ ಪುಡಿ ಅಮೆರಿಕದ ಕಡತದಲ್ಲಿ ಪರೀಕ್ಷೆಯಾಗದ ಪುಡಿಯೇ.

ಇದರ ಮೇಲೆ ಸುಂಕ. ಕೋಟಾದೊಳಗೆ ಬರುವ ಸರಕಿಗೆ ಶೇ 17.5ರವರೆಗೆ, ಕೋಟಾ ಮೀರಿದರೆ ಕೆಜಿಗೆ 1.035 ಡಾಲರ್, ಜೊತೆಗೆ ಬೆಲೆಯ ಶೇ 14.9. ಇದು ಕೂಸುಗಳ ಆರೋಗ್ಯಕ್ಕಾಗಿ ಹಾಕಿದ್ದಲ್ಲ, ಅಮೆರಿಕದ ಹೈನುಗಾರಿಕೆಯ ರಕ್ಷಣೆಗೆ ಹಾಕಿದ್ದು. ನೆರೆಯ ಕೆನಡಾದ ದಾರಿಗೂ ಅಡ್ಡಗಟ್ಟೆ ಬಿತ್ತು. ಚೀನಾದ ಫೇಹೆ ಕಂಪನಿ ಒಂಟಾರಿಯೊದ ಕಿಂಗ್‌ಸ್ಟನ್‌ನಲ್ಲಿ ಕಾರ್ಖಾನೆ ಕಟ್ಟುತ್ತಿದ್ದ ಹೊತ್ತಿನಲ್ಲೇ ರೂಪುಗೊಂಡು, 2020ರಲ್ಲಿ ಜಾರಿಗೆ ಬಂದ ಅಮೆರಿಕ-ಮೆಕ್ಸಿಕೊ-ಕೆನಡಾ ಒಪ್ಪಂದ, ಕೆನಡಾದ ಶಿಶು ಹಾಲಿನ ಪುಡಿಯ ರಫ್ತು ಮೊದಲ ವರ್ಷ 13,333 ಟನ್, ಎರಡನೆಯ ವರ್ಷ 40,000 ಟನ್ ದಾಟಿದರೆ ಕೆಜಿಗೆ 4.25 ಕೆನಡಾ ಡಾಲರ್ ದಂಡಶುಲ್ಕ ವಿಧಿಸಿತು.

ಕಡತ, ಸುಂಕಗಳಷ್ಟು ಕಣ್ಣಿಗೆ ಬೀಳದಿದ್ದರೂ ಅವೆರಡಕ್ಕಿಂತ ಗಟ್ಟಿಯಾದ ಬೀಗ ಇನ್ನೊಂದಿತ್ತು. ಬಡ ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳಿಗೆ ಆಹಾರ ಒದಗಿಸುವ ‘ವಿಕ್’ ಎಂಬ ಸರ್ಕಾರಿ ಯೋಜನೆ 1970ರ ದಶಕದ್ದು. ದೇಶದಲ್ಲಿ ಮಾರಾಟವಾಗುವ ಫಾರ್ಮುಲಾದಲ್ಲಿ ಸುಮಾರು ಅರ್ಧ ಈ ಯೋಜನೆಯ ಮೂಲಕವೇ ಹೋಗುತ್ತದೆ. ವೆಚ್ಚ ತಗ್ಗಿಸಬೇಕೆಂದು 1989ರ ಕಾನೂನು ರಾಜ್ಯಗಳಿಗೆ ತಾಕೀತು ಮಾಡಿದ ಮೇಲೆ ರಾಜ್ಯಗಳು ಟೆಂಡರ್ ಕರೆದು, ಹೆಚ್ಚು ರಿಯಾಯಿತಿ ಕೊಡುವ ಒಂದೇ ಕಂಪನಿಯ ಡಬ್ಬಿಯನ್ನು ಕೊಳ್ಳತೊಡಗಿದವು. ಬೊಕ್ಕಸಕ್ಕೆ ಉಳಿತಾಯವಾಯಿತು, ಹೆಚ್ಚು ಕುಟುಂಬಗಳಿಗೆ ಹಾಲು ಸಿಕ್ಕಿತು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಟೆಂಡರ್ ಗೆದ್ದವನ ಡಬ್ಬಿಯೇ ಅಂಗಡಿಯ ಕೈಗೆಟುಕುವ ಸಾಲಿನಲ್ಲಿ ನಿಂತಿತು. ಕೊನೆಗೆ ಅಬಾಟ್, ಮೀಡ್ ಜಾನ್ಸನ್, ನೆಸ್ಲೆ, ಪೆರಿಗೊ ಎಂಬ ನಾಲ್ಕು ಕಂಪನಿಗಳ ಕೈಯಲ್ಲಿ ಬಹುಮಟ್ಟಿಗೆ ಇಡೀ ಮಾರುಕಟ್ಟೆ ಉಳಿಯಿತು. ಬಳಕೆಯಾಗುವ ಪುಡಿಯಲ್ಲಿ ಶೇ 98ರಷ್ಟು ಸ್ವದೇಶದ್ದೇ ಆಗಿತ್ತು.

ಕದ್ದುಮುಚ್ಚಿ ಬರುವುದು ಮಾತ್ರ ನಿಂತಿರಲಿಲ್ಲ. ಯೂರೋಪಿನ ಹಿಪ್, ಹೊಲ್ಲೆ ಡಬ್ಬಿಗಳನ್ನು ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ತರಿಸಿಕೊಳ್ಳುವ ಉಳ್ಳವರಿದ್ದರು. 2021ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಕಸ್ಟಮ್ಸ್ ಅಧಿಕಾರಿಗಳು ಇಂಥ 588 ಪೆಟ್ಟಿಗೆಗಳನ್ನು ಹಿಡಿದು ಹೆಮ್ಮೆಯಿಂದ ಪ್ರಕಟಣೆ ಹೊರಡಿಸಿದರು. ಒಂದು ವರ್ಷ ಕಳೆದ ಸ್ವಲ್ಪದರಲ್ಲೇ ಅದೇ ಸರ್ಕಾರ ಯೂರೋಪಿನಿಂದ ಡಬ್ಬಿ ತರಲು ಸೇನೆಯ ವಿಮಾನ ಕಳಿಸಬೇಕಾಯಿತು.

2022ರ ಕೊರತೆ

ಮಿಷಿಗನ್ ರಾಜ್ಯದ ಸ್ಟರ್ಜಿಸ್ ಎಂಬ ಸಣ್ಣ ಊರಿನಲ್ಲಿ ಅಬಾಟ್ ಕಂಪನಿಯ ಕಾರ್ಖಾನೆಯಿದೆ. ಅಲ್ಲಿನ ಶುಚಿತ್ವದ ಬಗ್ಗೆ ಒಳಗಿನವರೊಬ್ಬರು 2021ರ ಅಕ್ಟೋಬರ್‌ನಲ್ಲೇ ಎಫ್‌ಡಿಎಗೆ ದೂರು ಬರೆದಿದ್ದರು. ಆ ದೂರಿನ ಪ್ರತಿಗಳು ಟಪಾಲು ಕೋಣೆಯ ಗೊಂದಲದಲ್ಲಿ ಹಿರಿಯ ಅಧಿಕಾರಿಗಳನ್ನು ತಲುಪಲೇ ಇಲ್ಲವೆಂದು ಸಂಸ್ಥೆ ಆಮೇಲೆ ಹೇಳಿಕೊಂಡಿತು. ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದ ನಾಲ್ಕು ಕೂಸುಗಳ ವರದಿ ಬಂದಿತ್ತು. ಅವುಗಳಲ್ಲಿ ಎರಡು ತೀರಿಕೊಂಡವು. 2022ರ ಫೆಬ್ರುವರಿ 17ರಂದು ಅಬಾಟ್ ತನ್ನ ಸಿಮಿಲ್ಯಾಕ್, ಅಲಿಮೆಂಟಮ್, ಎಲಿಕೇರ್ ಪುಡಿಗಳನ್ನು ವಾಪಸು ಪಡೆದು ಕಾರ್ಖಾನೆ ನಿಲ್ಲಿಸಿತು. ಕಾರ್ಖಾನೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೂ ಕೂಸುಗಳಲ್ಲಿ ಸಿಕ್ಕಿದ್ದಕ್ಕೂ ವಂಶವಾಹಿ ಹೋಲಿಕೆ ಕಾಣಲಿಲ್ಲವಾದ್ದರಿಂದ ನೇರ ಸಂಬಂಧ ಸಾಬೀತಾಗಲಿಲ್ಲ. ಕಾರ್ಖಾನೆ ಕೊಳಕಾಗಿತ್ತು ಎಂಬುದರಲ್ಲಿ ಮಾತ್ರ ತಕರಾರಿರಲಿಲ್ಲ.

ಮಾರುಕಟ್ಟೆಯ ಸುಮಾರು ಶೇ 40ರಷ್ಟನ್ನು ಹಿಡಿದಿದ್ದ ಕಂಪನಿ ಅಬಾಟ್. ಮೇ ಮೊದಲ ವಾರದ ಹೊತ್ತಿಗೆ ಅಂಗಡಿಗಳಲ್ಲಿ ಇರಬೇಕಾದ ಬಗೆಗಳಲ್ಲಿ ಶೇ 43ರಷ್ಟು ಸಿಗುತ್ತಿಲ್ಲವೆಂದು ಡೇಟಾಸೆಂಬ್ಲಿ ಎಂಬ ಲೆಕ್ಕಾಚಾರದ ಸಂಸ್ಥೆ ಹೇಳಿತು. ತಿಂಗಳ ಕೊನೆಗೆ ಅದು ಶೇ 70 ದಾಟಿತು.

ಆ ದೇಶದಲ್ಲಿ ಇದು ಏಕಿಷ್ಟು ಕಂಗೆಡಿಸಿತೆಂದು ತಿಳಿಯಲು ಬಾಣಂತನದ ಸ್ಥಿತಿ ನೋಡಬೇಕು. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯ ವ್ಯಾಪ್ತಿಗೆ ಬರುವ ಉದ್ಯೋಗಸ್ಥೆಗೆ 26 ವಾರಗಳ ಸಂಬಳಸಹಿತ ರಜೆಯಿದೆ. ಅಮೆರಿಕದ ಒಕ್ಕೂಟ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗಲ್ಲ. ಆರು ತಿಂಗಳು ಬರೀ ಎದೆಹಾಲಿನಲ್ಲೇ ಬೆಳೆಯುವ ಕೂಸು ಅಲ್ಲಿ ನಾಲ್ಕರಲ್ಲೊಂದು. ಬೆಂಗಳೂರು, ಮೈಸೂರುಗಳಿಂದ ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಕ್ಕೋ ಹೋಗುವ ಅಜ್ಜಿಯರು ಮೆಂತ್ಯದ ಹಿಟ್ಟು, ಅಂಟಿನುಂಡೆ ಒಯ್ದಾರು. ಆರು ತಿಂಗಳು ದಾಟಿದ ಕೂಸಿಗೆ ರಾಗಿ ಸರಿ ಕಾಸಿಕೊಟ್ಟಾರು. ಎರಡು ತಿಂಗಳ ಕೂಸಿನ ಖಾಲಿ ಡಬ್ಬಿಗೆ ಅವರಲ್ಲೂ ಉಪಾಯವಿರಲಿಲ್ಲ.

ಸಡಿಲಿಕೆ

2022ರ ಮೇ 16ರಂದು ಎಫ್‌ಡಿಎ, ತನ್ನ ಎಲ್ಲ ಷರತ್ತುಗಳನ್ನೂ ಪೂರೈಸದ ಹೊರದೇಶದ ಫಾರ್ಮುಲಾವನ್ನೂ ಸುರಕ್ಷತೆ ಮತ್ತು ಪೋಷಣೆಯ ವಿವರ ನೋಡಿ ಬಿಡುವುದಾಗಿ ಘೋಷಿಸಿತು. ಎರಡು ದಿನಗಳ ನಂತರ ಅಧ್ಯಕ್ಷ ಜೋ ಬೈಡನ್ ಯುದ್ಧಕಾಲದ ಮಾದರಿಯ ರಕ್ಷಣಾ ಉತ್ಪಾದನಾ ಕಾಯ್ದೆಯನ್ನು ಜಾರಿಗೊಳಿಸಿ, ‘ಆಪರೇಷನ್ ಫ್ಲೈ ಫಾರ್ಮುಲಾ’ ಎಂಬ ವಿಮಾನ ಸಾಗಣೆಗೆ ಆದೇಶ ಕೊಟ್ಟರು. ಮೇ 22ರಂದು ಜರ್ಮನಿಯ ರಾಮ್‌ಸ್ಟೈನ್ ನೆಲೆಯಿಂದ ಸೇನೆಯ ಸಿ-17 ವಿಮಾನ ಸುಮಾರು 35 ಟನ್ ಪುಡಿ ಹೊತ್ತು ಇಂಡಿಯಾನಾಪೊಲಿಸ್‌ಗೆ ಬಂದಿಳಿಯಿತು. ಅದರಲ್ಲಿದ್ದದ್ದು ಹಸುವಿನ ಹಾಲಿನ ಪ್ರೋಟೀನ್ ಒಗ್ಗದ ಕೂಸುಗಳಿಗೆ ಬೇಕಾದ ನೆಸ್ಲೆಯ ವಿಶೇಷ ಪುಡಿ. ಸುಂಕ ರದ್ದಾಗಲು ಮಾತ್ರ ಜುಲೈ 21ರವರೆಗೆ ಕಾಯಬೇಕಾಯಿತು. ಆ ರದ್ದತಿಯೂ ಡಿಸೆಂಬರ್ 31ರವರೆಗೆ ಮಾತ್ರ. ಡಬ್ಬಿಗೆ ತುಂಬುವ ಮುಂಚಿನ ಮೂಲಪುಡಿಗೆ ಅಕ್ಟೋಬರ್‌ನಲ್ಲಿ ಪ್ರತ್ಯೇಕ ಕಾನೂನು ಬಂತು. ಅದರ ಆಯುಷ್ಯವೂ ಅದೇ ಡಿಸೆಂಬರ್ 31.

ಈ ನಡುವೆ ಜೂನ್ 4ರಂದು ಮತ್ತೆ ಚಾಲೂ ಆದ ಸ್ಟರ್ಜಿಸ್ ಕಾರ್ಖಾನೆಗೆ ಹತ್ತೇ ದಿನದಲ್ಲಿ ಮಳೆನೀರು ನುಗ್ಗಿ, ಅದು ಪುನಃ ಬಾಗಿಲು ಹಾಕಿತು. ಅಬಾಟ್ ಐರ್ಲೆಂಡಿನ ಕೂಟ್‌ಹಿಲ್‌ನಲ್ಲಿದ್ದ ತನ್ನದೇ ಕಾರ್ಖಾನೆಯಿಂದ ವಿಮಾನದಲ್ಲಿ ಪುಡಿ ತರಿಸಿ ಮಾರಿತು. ಎಫ್‌ಡಿಎ ಕಡತದಲ್ಲಿ ಆ ಕಾರ್ಖಾನೆಯ ಹೆಸರು ಮೊದಲೇ ಇದ್ದುದರಿಂದ ಅದಕ್ಕೆ ಯಾವ ವಿಶೇಷ ಸಡಿಲಿಕೆಯೂ ಬೇಕಾಗಲಿಲ್ಲ. ಹೊರಗಿನ ಪುಡಿಯನ್ನು ಒಳಬಿಡದ ನಿಯಮ ಹೊರಗಿನ ಕಂಪನಿಯನ್ನು ಒಳಬಿಡದ ನಿಯಮವೂ ಆಗಿತ್ತೆಂಬುದು ಇಲ್ಲಿ ಬಯಲಾಯಿತು.

ಕುಟುಂಬಗಳಿಗೆ ಆದದ್ದು

ಬಂದ ಡಬ್ಬಿಗಳು ಎಲ್ಲರಿಗೂ ಒಂದೇ ಸಮ ಸಿಗಲಿಲ್ಲ. ಅಲರ್ಜಿ ಮತ್ತು ಚಯಾಪಚಯದ ತೊಂದರೆಯಿದ್ದ ಕೂಸುಗಳಿಗೆ, ಅಂದರೆ ಬದಲಿ ಬ್ರ್ಯಾಂಡ್ ಎಂಬುದೇ ಇಲ್ಲದವರಿಗೆ, ಮೊದಲ ವಿಮಾನಗಳಿಂದ ನಿಜವಾದ ಉಪಕಾರವಾಯಿತು. ಉಳಿದವರಲ್ಲಿ ದುಡ್ಡು ಕೊಟ್ಟು ಕೊಳ್ಳುವವರ ಕೈ ಮುಂದಾಯಿತು. ವಿಕ್ ಕಾರ್ಡಿನವರು ಬ್ರಿಟನ್ನಿನ ಅಥವಾ ಆಸ್ಟ್ರೇಲಿಯಾದ ಡಬ್ಬಿ ಎತ್ತಿಕೊಂಡು ಗಲ್ಲಾಕ್ಕೆ ಹೋದರೆ ಪಟ್ಟಿಯಲ್ಲಿಲ್ಲದ ವಸ್ತುವನ್ನು ಯಂತ್ರ ಒಪ್ಪುತ್ತಿರಲಿಲ್ಲ. ಮೇ 21ರಂದು ಸಹಿಯಾದ ಕಾನೂನು ಈ ಕಟ್ಟನ್ನು ಸಡಿಲಿಸಲು ಕೃಷಿ ಇಲಾಖೆಗೆ ಅಧಿಕಾರ ಕೊಟ್ಟಿತು. ಆದರೆ ಆಮದು ಡಬ್ಬಿಯನ್ನು ಪಟ್ಟಿಗೆ ಸೇರಿಸುವ ಕೆಲಸ ಆಯಾ ರಾಜ್ಯದ್ದು. ಕಸ್ಟಮ್ಸ್ ಬಾಗಿಲು ತೆರೆದಷ್ಟು ಬೇಗ ಗಲ್ಲಾದ ಯಂತ್ರ ತೆರೆಯಲಿಲ್ಲ.

ಇನ್ನೊಂದು ಪೇಚು ಚಮಚದ್ದು. ಅಮೆರಿಕದ ಸಾಮಾನ್ಯ ಡಬ್ಬಿಯಲ್ಲಿ ಒಂದು ಅಳತೆ ಚಮಚಕ್ಕೆ ಎರಡು ಔನ್ಸ್, ಅಂದರೆ ಸುಮಾರು 60 ಮಿಲಿ ನೀರು. ಯೂರೋಪಿನ ಹಲವು ಡಬ್ಬಿಗಳ ಚಮಚ ಚಿಕ್ಕದು, ಅದಕ್ಕೆ 30 ಮಿಲಿ ನೀರು. ಹಳೆಯ ಅಭ್ಯಾಸದಲ್ಲಿ ಬೆರೆಸಿದರೆ ಹಾಲು ಅರ್ಧಕ್ಕರ್ಧ ತೆಳ್ಳಗಾಗುತ್ತದೆ. ನೀರಾದ ಹಾಲು ಕುಡಿದ ಕೂಸಿನ ರಕ್ತದಲ್ಲಿ ಸೋಡಿಯಂ ಇಳಿದು ಸೆಳವು ಬರಬಹುದು. ಕಬ್ಬಿಣಾಂಶದ ಲೆಕ್ಕವೂ ಬೇರೆ. ಯೂರೋಪಿನಲ್ಲಿ ಸಾಕೆನ್ನಿಸುವ ಪ್ರಮಾಣಕ್ಕೆ ಅಮೆರಿಕದಲ್ಲಿ ‘ಹೆಚ್ಚುವರಿ ಕಬ್ಬಿಣ ಬೇಕಾಗಬಹುದು’ ಎಂಬ ಎಚ್ಚರಿಕೆ ಅಂಟಿಸಬೇಕಾದೀತು. ಲೇಬಲ್ ನಿಯಮ ಬರೀ ವ್ಯಾಪಾರದ ಅಡ್ಡಿ ಎಂದು ಹಗುರಾಗಿ ಮಾತಾಡುವವರು ಇಷ್ಟನ್ನು ಮರೆಯುತ್ತಾರೆ. ಅದಕ್ಕೆ ಬೇಕಾಗಿದ್ದುದು ಇಂಗ್ಲಿಷಿನ ಒಂದು ಚೀಟಿ, ಔನ್ಸಿನ ಒಂದು ಕೋಷ್ಟಕ. ಆ ವರ್ಷ ಮಾಡಿದ್ದೂ ಅದನ್ನೇ.

ವ್ಯಾಪಾರಕ್ಕೆ ಆದದ್ದು

ಬಾಗಿಲು ತೆರೆದಾಗ ಮುಂದೆ ನುಗ್ಗಿದವರಲ್ಲಿ ಇಂಗ್ಲೆಂಡಿನ ಕಂಬ್ರಿಯಾದ ಕೆಂಡಾಲ್ ನ್ಯೂಟ್ರಿಕೇರ್, ಆಸ್ಟ್ರೇಲಿಯಾದ ಬಬ್ಸ್, ಫ್ರಾನ್ಸಿನ ಡಾನೋನ್, ಕೊಂಚ ತಡವಾಗಿ ನ್ಯೂಜಿಲೆಂಡಿನ ಎ2 ಮಿಲ್ಕ್ ಇದ್ದವು. ಕೆಂಡಾಲ್‌ಗೆ ಮೇ 24ರಂದು ಸುಮಾರು 20 ಲಕ್ಷ ಡಬ್ಬಿಗಳಿಗೆ ಒಪ್ಪಿಗೆ ಸಿಕ್ಕಿತು. ಅದೇ ವಾರ ಬಬ್ಸ್‌ಗೆ 12.5 ಲಕ್ಷ ಡಬ್ಬಿಗಳಿಗೆ ಒಪ್ಪಿಗೆಯಾಗಿ ಅದರ ಷೇರು ನೆಗೆಯಿತು.

ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರ ಈ ಆತುರಕ್ಕೆ ಕಾರಣ ಚೀನಾದಲ್ಲಿತ್ತು. 2008ರಲ್ಲಿ ಸಾನ್‌ಲು ಮುಂತಾದ ಚೀನಾ ಕಂಪನಿಗಳ ಪುಡಿಯಲ್ಲಿ ಮೆಲಮೈನ್ ಬೆರಕೆ ಸಿಕ್ಕಿ, ಆರು ಕೂಸುಗಳು ಸತ್ತು, ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದ ಮೇಲೆ ಅಲ್ಲಿನ ತಂದೆತಾಯಿಗಳು ಪರದೇಶದ ಡಬ್ಬಿಗೆ ಮುಗಿಬಿದ್ದರು. ಹಾಂಗ್‌ಕಾಂಗ್ 2013ರ ಮಾರ್ಚ್‌ನಲ್ಲಿ ಗಡಿ ದಾಟುವ ಒಬ್ಬರಿಗೆ 1.8 ಕೆಜಿ, ಅಂದರೆ ಎರಡು ಡಬ್ಬಿ, ಎಂಬ ಮಿತಿ ಹಾಕಿತು, ಮೀರಿದವರಿಗೆ ಜೈಲು. ಆಸ್ಟ್ರೇಲಿಯಾದ ಸೂಪರ್‌ಮಾರ್ಕೆಟ್ಟುಗಳಲ್ಲಿ ‘ಡೈಗೌ’ ಎಂಬ ಕೈವ್ಯಾಪಾರಿಗಳು ಕಪಾಟು ಬರಿದು ಮಾಡಿ ಚೀನಾಕ್ಕೆ ಪಾರ್ಸೆಲ್ ಕಳಿಸುತ್ತಿದ್ದರು. ಎ2, ಬಬ್ಸ್‌ಗಳ ಬೆಳವಣಿಗೆಗೆ ಈ ಅಡ್ಡದಾರಿಯೂ ಕಾರಣ. ಕೋವಿಡ್‌ನಲ್ಲಿ ಪ್ರಯಾಣ ನಿಂತು ಡೈಗೌ ಕುಸಿಯಿತು, ಕಂಪನಿಗಳ ಲಾಭವೂ ಕುಸಿಯಿತು. ಆ ಹೊತ್ತಿಗೆ ಅಮೆರಿಕ ಕೈಬೀಸಿ ಕರೆದದ್ದು ಅವರಿಗೆ ದೇವರು ಕೊಟ್ಟಂತಾಯಿತು.

ಆದರೆ ಆರು ತಿಂಗಳ ಪರವಾನಗಿ ನಂಬಿ ಯಾರೂ ಕಾರ್ಖಾನೆ ಕಟ್ಟುವುದಿಲ್ಲ. ಕೂಸಿಗೆ ಒಂದು ಪುಡಿ ಒಗ್ಗಿದರೆ ಮನೆಯವರು ಅದನ್ನು ಬದಲಿಸಲು ಹೆದರುತ್ತಾರೆ. ನಾಳೆ ಸಿಗುತ್ತದೋ ಇಲ್ಲವೋ ಎಂಬ ಡಬ್ಬಿಯನ್ನು ಶುರು ಮಾಡಲೂ ಹೆದರುತ್ತಾರೆ. ಈ ತೊಡಕು ತಿಳಿದ ಎಫ್‌ಡಿಎ, ಕಾಯಂ ಒಪ್ಪಿಗೆಗೆ ಯತ್ನಿಸುವುದಾಗಿ ಬರೆದುಕೊಟ್ಟ ಕಂಪನಿಗಳಿಗೆ 2025ರ ಅಕ್ಟೋಬರ್ 18ರವರೆಗೆ ಅವಧಿ ಕೊಟ್ಟಿತು. ಸುಂಕ ಮಾತ್ರ 2023ರ ಜನವರಿ 1ಕ್ಕೆ ತಪ್ಪದೆ ಮರಳಿತು. ಅಷ್ಟು ದುಬಾರಿ ಡಬ್ಬಿಯಿಂದ ವಿಕ್ ಟೆಂಡರಿನಲ್ಲಿ ಪೈಪೋಟಿ ಮಾಡುವುದು ಸಣ್ಣ ಕಂಪನಿಗೆ ಆಗದ ಮಾತು. ಹೀಗಾಗಿ ಹೊಸಬರು ಉಳಿದದ್ದು ಹೆಚ್ಚಾಗಿ ಕೈಯಿಂದ ದುಡ್ಡು ಕೊಡುವ ಗಿರಾಕಿಗಳ ಮೇಲಿನ ಕಪಾಟಿನಲ್ಲಿ. ಕೆಂಡಾಲ್‌ನ ಕೆಂಡಾಮಿಲ್ ಟಾರ್ಗೆಟ್ ಅಂಗಡಿಗಳಲ್ಲಿ ನೆಲೆಯೂರಿತು.

ಇತ್ತೀಚಿನ ಬೆಳವಣಿಗೆ

2025ರ ಮಾರ್ಚ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ‘ಆಪರೇಷನ್ ಸ್ಟಾರ್ಕ್ ಸ್ಪೀಡ್’ ಎಂಬ ಹೆಸರಿನಲ್ಲಿ ಫಾರ್ಮುಲಾದ ಪೋಷಕಾಂಶ ಪಟ್ಟಿಯ ಮರುಪರಿಶೀಲನೆ, ಭಾರಲೋಹಗಳ ಹೆಚ್ಚಿನ ತಪಾಸಣೆ, ಸ್ವಂತ ಬಳಕೆಗೆ ತರುವ ಡಬ್ಬಿಗಳ ಬಗ್ಗೆ ಮೃದು ಧೋರಣೆಯ ಮುಂದುವರಿಕೆಯನ್ನು ಘೋಷಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೈಹಾರ್ಟ್ ಎಂಬ ಕಂಪನಿಯ ಪುಡಿ ಕುಡಿದ ಕೂಸುಗಳಲ್ಲಿ ಬಾಟ್ಯುಲಿಸಮ್ ಕಂಡು, ಅದರ ಎಲ್ಲ ಡಬ್ಬಿಗಳನ್ನೂ ವಾಪಸು ಪಡೆಯಲಾಯಿತು. ಅದು ಆಮದು ಸರಕಲ್ಲ, ಎಫ್‌ಡಿಎಯ ಪೂರ್ಣ ಕಡತ ದಾಟಿ ಬಂದ ಅಮೆರಿಕದ್ದೇ ಕಂಪನಿ. ಮಾರುಕಟ್ಟೆಯಲ್ಲಿ ಅದರ ಪಾಲು ಸುಮಾರು ಶೇ 1 ಆಗಿದ್ದುದರಿಂದ ಈ ಸಲ ಅಂಗಡಿಗಳ ಕಪಾಟು ಖಾಲಿಯಾಗಲಿಲ್ಲ.