ಪ್ಲೇಗಿನ ಪಟ್ಟಿಯಿಂದ ಪಿಗ್ಮಿಯ ಪುಸ್ತಕದವರೆಗೆ

ಕಲ್ಯಾಣ ಜಂಕ್ಷನ್ ನಮಗೆಲ್ಲ ಗಾಡಿ ಬದಲಿಸುವ ಜಾಗ, ಅಷ್ಟೇ. ನೂರಿಪ್ಪತ್ತೈದು ವರ್ಷಗಳ ಹಿಂದೆ ಅದು ಜನರನ್ನು ತಡೆದು ನಿಲ್ಲಿಸುವ ಜಾಗವಾಗಿತ್ತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಊರು ಬಿಟ್ಟು ಓಡುವವರಿಂದ ರೈಲುಗಳು ತುಂಬಿದವು. ಕಲ್ಯಾಣದಲ್ಲಿ ಆ ಪ್ರಯಾಣಿಕರನ್ನು ಇಳಿಸಿ, ಮೈ ಬಿಸಿ ಇದೆಯೇ, ಕಂಕುಳಲ್ಲಿ ಗಡ್ಡೆ ಇದೆಯೇ ಎಂದು ನೋಡಿ ಮುಂದಕ್ಕೆ ಬಿಡುತ್ತಿದ್ದರು. ಸಂಶಯ ಬಂದವರು ಶಿಬಿರಕ್ಕೆ. ಇಷ್ಟೆಲ್ಲ ತಪಾಸಣೆ ನಡೆದರೂ ಪ್ಲೇಗು ಪುಣೆ ದಾಟಿತು, ಧಾರವಾಡ ಜಿಲ್ಲೆ ಮುಟ್ಟಿತು, ಹುಬ್ಬಳ್ಳಿಯನ್ನು ಹಿಡಿಯಿತು. 1898ರ ಆಗಸ್ಟಿನಲ್ಲಿ ರೈಲು ಹತ್ತಿಯೇ ಬೆಂಗಳೂರಿಗೂ ಹೋಯಿತು.

ಈ ಹಳೆಯ ಕತೆ ಈಗ ಯಾಕೆ ನೆನಪಾಯಿತೆಂದರೆ, ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದಾಳೆ. ಸಂಜೆ ಬಸ್ತಿಗಳಿಗೆ ಹೋಗಿ ಹೆಂಗಸರಿಗೆ ರಕ್ತಹೀನತೆ, ಕ್ಷಯದ ಬಗ್ಗೆ ತಿಳಿಸಿ ಹೇಳುತ್ತಾಳೆ. ಅದನ್ನೇ ಕನ್ನಡದಲ್ಲಿ ಲೇಖನವಾಗಿಯೂ ಬರೆಯುತ್ತಾಳೆ, ಚೆನ್ನಾಗಿಯೇ ಬರೆಯುತ್ತಾಳೆ. ಮನೆಯವರ ದೂರು ಒಂದೇ: "ಮೂರು ದೋಣಿಯಲ್ಲಿ ಕಾಲಿಟ್ಟಿದ್ದೀಯಲ್ಲೇ, ಸಿ.ಎ. ಮಾಡಬಾರದೇ?" ಪ್ರಾಜೆಕ್ಟ್ ಮ್ಯಾನೇಜರ್ ಅಂದಮೇಲೆ ಇವನಿಗೆ ಗೊತ್ತಿರುತ್ತದೆ ಎಂದು ಅವಳಪ್ಪ ನನ್ನನ್ನು ಕೇಳಿದರು. ಬುದ್ಧಿ ಹೇಳುವ ಬದಲು ನಾನು ಒಂದಿಷ್ಟು ಇತಿಹಾಸ ಓದಿದೆ. ಓದಿದಷ್ಟೂ ಈ ಮೂರು ಕೆಲಸಗಳು ಬೇರೆ ಬೇರೆಯಾದದ್ದೇ ಇತ್ತೀಚೆಗೆ ಅನ್ನಿಸಿತು.

ಹುಬ್ಬಳ್ಳಿಯನ್ನೇ ನೋಡಿ. ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಕೋಣೆಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಆಮೇಲೆ ಬೈಕಲಾ ಜೈಲಿನಲ್ಲಿ ಪರೀಕ್ಷೆ ನಡೆಯಿತು. ಆದರೆ ಒಂದಿಡೀ ಪಟ್ಟಣಕ್ಕೆ ಲಸಿಕೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಆ ಕಾಲದ ದೊಡ್ಡ ಉದಾಹರಣೆ 1898ರ ಹುಬ್ಬಳ್ಳಿ. ರೈಲ್ವೆ ಕಾರ್ಯಾಗಾರ, ಹತ್ತಿ ವ್ಯಾಪಾರ ಇದ್ದ ಊರು. ಹತ್ತಿರ ಹತ್ತಿರ ಅರ್ಧ ಲಕ್ಷ ಜನ. ಆ ಮುಂಗಾರಿನ ತಿಂಗಳುಗಳಲ್ಲಿ ಅವರಲ್ಲಿ ಬಹುಪಾಲು ಜನ ಸೂಜಿ ಚುಚ್ಚಿಸಿಕೊಂಡರು.

ಇದು ಸುಮ್ಮನೆ ಆದದ್ದಲ್ಲ. ಲಸಿಕೆ ಹಾಕಿಸಿಕೊಂಡರೆ ಜ್ವರ ಬರುತ್ತಿತ್ತು, ತೋಳು ಊದುತ್ತಿತ್ತು, ಒಂದೆರಡು ದಿನದ ಕೂಲಿ ಹೋಗುತ್ತಿತ್ತು. ಅದರ ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದ ರೀತಿಗೆ ಜನ ರೋಸಿಹೋಗಿದ್ದರು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ 1897ರ ಜೂನ್ 22ರಂದು ಚಾಫೇಕರ್ ಸಹೋದರರು ಗುಂಡು ಹೊಡೆದಿದ್ದರು. ಅದೇ ವರ್ಷದ ಮಾರ್ಚಿನಲ್ಲಿ, ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ಪ್ಲೇಗಿಗೆ ಬಲಿಯಾಗಿದ್ದರು. ಬಲವಂತ ಒಂದು ಕಡೆ, ಸೇವೆ ಇನ್ನೊಂದು ಕಡೆ; ಜನ ಎರಡನ್ನೂ ಕಣ್ಣಾರೆ ಕಂಡಿದ್ದರು. ಅಂಥ ಹೊತ್ತಿನಲ್ಲಿ ತೋಳು ಚಾಚುವಂತೆ ಜನರನ್ನು ಒಪ್ಪಿಸಬೇಕಾದರೆ ಯಾರೋ ಅವರ ಮಾತಿನಲ್ಲಿ ಹೇಳಿರಲೇಬೇಕು. ಸರ್ಕಾರಿ ವರದಿಗಳಲ್ಲಿ ಉಳಿದಿರುವುದು ವೈದ್ಯಾಧಿಕಾರಿಗಳ ಹೆಸರು. ಹೇಳಿದವರ ಹೆಸರು ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಪಟ್ಟಿಗಳು. ಲಸಿಕೆ ಹಾಕಿಸಿಕೊಂಡವರು ಒಂದು ಕಾಲಂ, ಹಾಕಿಸಿಕೊಳ್ಳದವರು ಇನ್ನೊಂದು; ವಾರವಾರಕ್ಕೂ ಎರಡರಲ್ಲೂ ಎಷ್ಟು ಸಾವು. ನೋಡಲು ಜಮಾ-ಖರ್ಚಿನ ಪುಸ್ತಕವೇ. ಇದರಲ್ಲಿ ದೊಡ್ಡ ತೊಡಕು ಛೇದದ್ದು. ಊರು ಬಿಟ್ಟು ಹೋದವರನ್ನು ಯಾವ ಕಾಲಂನಲ್ಲಿ ಬರೆಯುವುದು? ಇವತ್ತು ಲಸಿಕೆ ಹಾಕಿಸಿಕೊಂಡವನು ನಿನ್ನೆಯವರೆಗೆ ಇನ್ನೊಂದು ಕಾಲಂನಲ್ಲಿದ್ದನಲ್ಲ? ಕೊನೆಯವರೆಗೂ ಲಸಿಕೆ ಬೇಡವೆಂದವರು ಮನೆ, ಊಟ, ಬಡತನ ಎಲ್ಲದರಲ್ಲೂ ಬೇಕೆಂದವರಂತೆಯೇ ಇದ್ದರೇ? ಭಾರತೀಯ ಪ್ಲೇಗ್ ಆಯೋಗ ಇಂಥ ಪಟ್ಟಿಗಳನ್ನೆಲ್ಲ ಜಾಲಾಡಿ, ಲಸಿಕೆ ಪೂರ್ತಿ ರಕ್ಷೆಯಲ್ಲ, ಆದರೆ ರೋಗವನ್ನೂ ಸಾವನ್ನೂ ಗಮನಾರ್ಹವಾಗಿ ತಗ್ಗಿಸುತ್ತದೆ ಎಂಬ ನಿಲುವಿಗೆ ಬಂತು. ಮುಂದೆ 1915ರಲ್ಲಿ ಲಂಡನ್ನಿನಲ್ಲಿ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ ಚುಚ್ಚುಮದ್ದಿನ ಅಂಕಿಅಂಶಗಳನ್ನು ಹೇಗೆ ಓದಬೇಕು ಎಂಬ ಪ್ರಬಂಧ ಬರೆದರು. ಅವರು ಎತ್ತಿದ್ದೂ ಇದೇ ಬಗೆಯ ಪ್ರಶ್ನೆಗಳನ್ನು. (ಮೇಜರ್ ಅವರ ಹೆಸರೇ, ಸೈನ್ಯದ ಹುದ್ದೆಯಲ್ಲ.)

ಲೆಕ್ಕ ಮನುಷ್ಯನ ಮಾನ ಉಳಿಸಿದ ಕತೆ ಬೇಕಾದರೆ ಪಂಜಾಬಿಗೆ ಹೋಗಬೇಕು. 1902ರ ಅಕ್ಟೋಬರ್ 30ರಂದು ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆರೋಪ ಹಾಫ್‌ಕಿನ್ ತಲೆಗೆ ಬಂತು, ಕೆಲಸದಿಂದ ದೂರವಿಟ್ಟರು. ಆದರೆ ಸತ್ತ 19 ಜನರಿಗೂ ಚುಚ್ಚಿದ್ದು 53-ಎನ್ ಎಂಬ ಒಂದೇ ಸೀಸೆಯ ಲಸಿಕೆ. ಅದೇ ದಿನ ಬೇರೆ ಸೀಸೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಿರಲಿಲ್ಲ. ಆ ಸೀಸೆಯ ಮುಚ್ಚಳ ತೆಗೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಿದ್ದರು ಎಂಬುದು ಹೊರಬಿತ್ತು. 1907ರಲ್ಲಿ ರೊನಾಲ್ಡ್ ರಾಸ್ ಮುಂತಾದವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಮೇಲೆ ಹಾಫ್‌ಕಿನ್ ಕಳಂಕ ಕಳೆಯಿತು. ಯಾವ ಸೀಸೆ ಯಾರಿಗೆ ಎಂದು ಬರೆದಿಡದೇ ಹೋಗಿದ್ದರೆ? ಬರೆದಿಟ್ಟದ್ದನ್ನು ಓದಿ ಜನಕ್ಕೆ ತಿಳಿಯುವ ಹಾಗೆ ಹೇಳುವವರು ಇಲ್ಲದೇ ಹೋಗಿದ್ದರೆ? ಹೇಳುವುದಕ್ಕೇ ಐದು ವರ್ಷ ಹಿಡಿಯಿತು ಎಂಬುದೂ ನೆನಪಿರಲಿ. ಪರೇಲಿನ ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವನ ಹೆಸರಿಟ್ಟರು. ಸೆಂಟ್ರಲ್ ಲೈನಿನ ನಾವು ದಿನಾ ಅದರ ಹತ್ತಿರದಿಂದಲೇ ಹಾದುಹೋಗುತ್ತೇವೆ.

ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸ ಗಂಭೀರವಾಗಿ ಶುರುವಾದದ್ದು 1918ರಲ್ಲಿ ಎನ್ನಬಹುದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಅದೇ ವರ್ಷ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಲ್ಲಿಳಿದು ದೇಶ ಹೊಕ್ಕಿತು; ಇಂಥ ಪತ್ರಿಕೆ ಬೇಕೆನ್ನಲು ಬೇರೆ ಕಾರಣ ಬೇಕಿರಲಿಲ್ಲ. ಎರಡು ವರ್ಷ ನಡೆದು ನಿಂತಿತು. ಕನ್ನಡ ಪತ್ರಿಕೆಗಳು ಲೇಖನವಿಲ್ಲದೆ ಸತ್ತದ್ದು ಕಡಿಮೆ, ಚಂದಾ ಲೆಕ್ಕ ಕೂಡದೆ ಸತ್ತದ್ದೇ ಹೆಚ್ಚು ಎಂಬುದು ನನ್ನ ಅನುಮಾನ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಬಂದವು: ಪ್ರಾಧ್ಯಾಪಕರು ಹಳ್ಳಿ-ಪಟ್ಟಣಗಳಿಗೆ ಹೋಗಿ ಮಾತಾಡುವುದು, ಮಾತಾಡಿದ್ದನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸುವುದು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಒಂಟಿಯಾಗಿ ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ ಕಟ್ಟಿದರು. ವೈದ್ಯೆಯೇ ಆಗಿದ್ದ ಅನುಪಮಾ ನಿರಂಜನ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಬರೆದು, ಹೆಂಗಸರು ಯಾರನ್ನೂ ಕೇಳಲಾಗದ ಪ್ರಶ್ನೆಗಳಿಗೆ ಅಡುಗೆಮನೆಯವರೆಗೂ ಉತ್ತರ ತಲುಪಿಸಿದರು. ನಮ್ಮ ಅಮ್ಮಂದಿರ ಟ್ರಂಕಿನಲ್ಲಿ ಆ ಪುಸ್ತಕಗಳು ಸೀರೆಗಳ ಅಡಿಯಲ್ಲಿರುತ್ತಿದ್ದವು.

ಲೆಕ್ಕವನ್ನೂ ಆರೋಗ್ಯವನ್ನೂ ಒಂದೇ ಬದುಕಿನಲ್ಲಿ ನಡೆಸಿದವರೆಂದರೆ ಡಾ. ಟಿ.ಎಂ.ಎ. ಪೈ. 1898ರಲ್ಲಿ, ಅಂದರೆ ಹುಬ್ಬಳ್ಳಿಯ ಲಸಿಕೆಯ ವರ್ಷವೇ, ಉಡುಪಿ ಬಳಿಯ ಕಲ್ಯಾಣಪುರದಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ವೈದ್ಯ ಓದಿ ಊರಿಗೆ ಮರಳಿ ಪ್ರಾಕ್ಟೀಸು ಶುರು ಮಾಡಿದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಕೈಮಗ್ಗ ನೆಲಕಚ್ಚಿ ಕಂಗಾಲಾಗಿದ್ದ ನೇಕಾರರಿಗೆ ಸಾಲ ಕೊಡುವುದು ಮೊದಲ ಉದ್ದೇಶ. 1928ರಲ್ಲಿ ಬಂತು ಪಿಗ್ಮಿ: ದಿನಕ್ಕೆ ಎರಡಾಣೆ ಸಾಕು, ಏಜೆಂಟನೇ ಮನೆಬಾಗಿಲಿಗೆ ಬಂದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾನೆ.

ವೈದ್ಯನೊಬ್ಬನಿಗೆ ಇದೇಕೆ ಹೊಳೆಯಿತು? ಔಷಧಕ್ಕೆ ದುಡ್ಡಿಲ್ಲದ ರೋಗಿಗೆ ಚೀಟಿ ಬರೆದುಕೊಟ್ಟು ಏನುಪಯೋಗ ಎಂಬುದು ಡಿಸ್ಪೆನ್ಸರಿಯಲ್ಲಿ ಕೂತವರಿಗೆ ಬೇಗ ಗೊತ್ತಾಗುತ್ತದೆ. ಮದುವೆ, ಬಾಣಂತನ, ಕಾಯಿಲೆ, ಸಾಮಾನ್ಯ ಸಂಸಾರ ಮುಳುಗುವುದು ಈ ಮೂರರಲ್ಲೇ. ದಿನಾ ಬಾಗಿಲಿಗೆ ಬರುವ ಪಿಗ್ಮಿ ಏಜೆಂಟನಿಗೆ ಯಾರ ಮನೆಯಲ್ಲಿ ಮಲಗಿದ್ದಾರೆ, ಯಾರು ಕೆಲಸಕ್ಕೆ ಹೋಗಿಲ್ಲ ಎಂಬುದೂ ತಿಳಿದಿರುತ್ತಿತ್ತು. ಇವತ್ತು ಆಶಾ ಕಾರ್ಯಕರ್ತೆಯ ರಿಜಿಸ್ಟರು ಮಾಡುವುದು ಇದನ್ನೇ. 1953ರಲ್ಲಿ ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು, ಅದೂ ಖಾಸಗಿಯಾಗಿ. ಆ ದಾರಿ ಮುಂದೆ ಶುಲ್ಕದ ಯಾವ ಎತ್ತರಕ್ಕೆ ಏರಿತು ಎಂಬುದು ಬೇರೆ ಲೇಖನದ ವಿಷಯ, ಅದನ್ನು ಹೊಗಳಿಕೆಯಲ್ಲಿ ಮುಚ್ಚುವುದು ಬೇಡ. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಇತ್ತ ನಮ್ಮ ಕಡಲಾಚೆ, ಲಾಂಚಿನಲ್ಲಿ ಒಂದು ಗಂಟೆ ದೂರದ ಮಾಂಡ್ವಾದಲ್ಲಿ 1970ರ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಜೆ.ಜೆ. ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಡಾ. ಎನ್.ಎಚ್. ಅಂಟಿಯಾ ಅಲಿಬಾಗ್ ತಾಲೂಕಿನ ಸುಮಾರು 30 ಹಳ್ಳಿಗಳಲ್ಲಿ ಹೆಚ್ಚು ಓದದ ಹೆಂಗಸರಿಗೆ ತರಬೇತಿ ಕೊಟ್ಟು ಆರೋಗ್ಯದ ಕೆಲಸ ವಹಿಸಿದರು. ಕುಷ್ಠ, ಕ್ಷಯ, ಬಾಣಂತಿಯರ ಆರೈಕೆ, ಹೆಚ್ಚಿನದನ್ನು ಅವರೇ ನೋಡಿಕೊಳ್ಳಬಲ್ಲರು ಎಂದು ತೋರಿಸಿದರು. ಸ್ಥಳೀಯ ರಾಜಕಾರಣ ಸಹಿಸಲಿಲ್ಲ, ಪ್ರಯೋಗ ಮುಚ್ಚಿತು. ಆದರೆ 1975ರಲ್ಲಿ ಅವರು ಕಟ್ಟಿದ ಸಮುದಾಯ ಆರೋಗ್ಯ ಸಂಶೋಧನಾ ಪ್ರತಿಷ್ಠಾನ ಮುಂದೆ ಕೇಳಿದ ಪ್ರಶ್ನೆ ಅಪ್ಪಟ ಲೆಕ್ಕಿಗನದು: ಒಂದು ಸಂಸಾರ ಕಾಯಿಲೆಗೆ ತನ್ನ ಕೈಯಿಂದ ಎಷ್ಟು ಖರ್ಚು ಮಾಡುತ್ತದೆ? 1980ರ ದಶಕದಲ್ಲಿ ಜಳಗಾಂವ್ ಜಿಲ್ಲೆಯಲ್ಲಿ ಮನೆಮನೆ ಕೇಳಿ ಬರೆದುಕೊಂಡರು. ಸರ್ಕಾರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಪ್ರಕಟಿಸಿದ್ದು 2005ರಲ್ಲಿ. ಅದರ ಈಚಿನ ಸಂಚಿಕೆಗಳ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿಕೆ ನಿಜಕ್ಕೂ ಇಷ್ಟೇ ಎಂದು ಎಲ್ಲ ಅರ್ಥಶಾಸ್ತ್ರಜ್ಞರೂ ಒಪ್ಪುವುದಿಲ್ಲ. ಇಂಥ ಸಂಖ್ಯೆ ಬಂದಾಗ ಅದರ ಒಳಹೊಕ್ಕು ನೋಡಿ, ನಮ್ಮ ಭಾಷೆಯಲ್ಲಿ ಹೇಳಬಲ್ಲವರು ಎಷ್ಟು ಜನ ಇದ್ದಾರೆ?

ಇವತ್ತಿನ ಮಾತಿಗೆ ಬರುತ್ತೇನೆ. ನವಿ ಮುಂಬಯಿಯ ಕಟ್ಟಡ ಕೆಲಸಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಇದ್ದಾರೆ. ಬೆಳಿಗ್ಗೆ ನಾಕಾಗಳಲ್ಲಿ ನಿಂತರೆ ಅವರ ಕನ್ನಡ ಕಿವಿಗೆ ಬೀಳುತ್ತದೆ. ಸಂಘಗಳಲ್ಲಿ ರಾಜ್ಯೋತ್ಸವ ಮಾಡುವ ನಮಗೂ ಅವರಿಗೂ ನಡುವೆ ಹೆಚ್ಚು ಮಾತಿಲ್ಲ, ಇದು ನಾಚಿಕೆಯ ಸಂಗತಿಯೇ. ಅವರಲ್ಲಿ ಒಬ್ಬರಿಗೆ ಕ್ಷಯ ಎಂದಿಟ್ಟುಕೊಳ್ಳಿ. ಮಾತ್ರೆ ಆರು ತಿಂಗಳು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000. ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಖಾತೆ ಊರಿನಲ್ಲಿರುತ್ತದೆ ಅಥವಾ ನಿಷ್ಕ್ರಿಯವಾಗಿರುತ್ತದೆ ಅಥವಾ ಮೇಸ್ತ್ರಿಯ ಬಳಿ ಪಾಸ್‌ಬುಕ್ ಇರುತ್ತದೆ. ನಾಗರಪಂಚಮಿಗೋ ಜಾತ್ರೆಗೋ ಊರಿಗೆ ಹೋದರೆ ಮಾತ್ರೆ ತಪ್ಪುತ್ತದೆ. ಕೆಮ್ಮು ಕಡಿಮೆಯಾದ ಮೇಲೆ ಯಾಕೆ ಮಾತ್ರೆ ನುಂಗಬೇಕು ಎಂದು ಮರಾಠಿ, ಹಿಂದಿ ಪೋಸ್ಟರುಗಳು ಹೇಳುತ್ತವೆ. ಮನೆಯ ಮುದುಕಿಗೆ ಅರ್ಥವಾಗುವುದು ಆಕೆಯ ಕನ್ನಡ ಮಾತ್ರ.

ಇಲ್ಲಿ ವೈದ್ಯ ತನ್ನ ಕೆಲಸ ಮಾಡಿಯಾಗಿದೆ. ಉಳಿದದ್ದು ಖಾತೆ ಸರಿಪಡಿಸುವವರು, ಮಾತ್ರೆಯ ಸಂಗತಿ ತಿಳಿಸಿ ಹೇಳುವವರು, ಹೇಳಿದ್ದನ್ನು ಊರಿನಲ್ಲಿರುವ ಅತ್ತೆಯೂ ಓದುವ ಹಾಗೆ ಬರೆದುಕೊಡುವವರು. ಮೂವರನ್ನು ನೇಮಿಸಿಕೊಳ್ಳುವ ಶಕ್ತಿ ಸಣ್ಣ ಸಂಸ್ಥೆಗಳಿಗಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ 2014ರಿಂದ ಕಾನೂನಿನ ಪ್ರಕಾರ ಬರುತ್ತಿದೆ, ನಿಜ. ಅದರ ಜೊತೆಗೆ ಪ್ರತಿ ರೂಪಾಯಿಯ ಲೆಕ್ಕವನ್ನೂ ಕಂಪನಿ ಕೇಳುತ್ತದೆ, ಕೇಳಬೇಕಾದ್ದೇ. ಸಂಬಳ ಐಟಿಯ ಹತ್ತಿರವೂ ಬರುವುದಿಲ್ಲ, ಇದನ್ನು ಹುಡುಗಿಯ ಅಪ್ಪನಿಗೆ ಮುಚ್ಚಿಡಲಿಲ್ಲ. ಸಿ.ಎ. ಇಂಟರ್ ಮಾಡಿಕೊಳ್ಳಲಿ, ಅದು ಕೈಯಲ್ಲಿದ್ದರೆ ಯಾವ ಸಂಸ್ಥೆ ಮುಚ್ಚಿದರೂ ಬದುಕು ನಡೆಯುತ್ತದೆ. ಉಳಿದೆರಡನ್ನು ಬಿಡುವುದು ಬೇಡ ಎಂದೆ. ಅವರು "ನೋಡೋಣ ಮಾರಾಯ್ರೇ" ಅಂದರು.

ಹುಡುಗಿ ಈಗ ಆರು ತಿಂಗಳ ಮಾತ್ರೆಯ ಚೀಟಿಯನ್ನು ಕಲಬುರಗಿಯ ಕನ್ನಡಕ್ಕೆ ತರುತ್ತಿದ್ದಾಳೆ. ಅವಳ ಮನೆಮಾತು ಕುಂದಾಪುರದ್ದು, ಹಾಗಾಗಿ ಪ್ರತಿ ಸಾಲನ್ನೂ ನಾಕಾದ ಹೆಂಗಸರ ಮುಂದೆ ಓದಿ ತಿದ್ದಿಸಿಕೊಂಡು ಬರುತ್ತಾಳೆ. ಚೀಟಿಯ ಹಿಂಬದಿಯಲ್ಲಿ ಆರು ಮನೆಗಳ ಒಂದು ಪಟ್ಟಿ ಇದೆ: ತಿಂಗಳು, ಮಾತ್ರೆ, ಹಣ ಬಂತೇ, ಬರದಿದ್ದರೆ ಯಾಕೆ. ಕೊನೆಯ ಕಾಲಂಗೆ ಜಾಗ ಸಾಲುತ್ತಿಲ್ಲವಂತೆ.