ಬಸ್ ಸ್ಲೋ ಆದಾಗ ಇಳಿದರೆ ಏನೂ ಆಗಲ್ವಾ? ಮಕ್ಕಳನ್ನು ಒಬ್ಬರೇ ಬಸ್ ಹತ್ತಿಸುವ ಮುನ್ನ ಓದಿ

ಹೈಸ್ಕೂಲು ಮುಗಿಸಿ ಪಿಯುಸಿಗೆ ಸೇರಿದ ಮಕ್ಕಳು ಮೊದಲ ಸಲ ಒಬ್ಬರೇ ಬಸ್ಸಿನಲ್ಲಿ ಓಡಾಡತೊಡಗುತ್ತಾರೆ. ಮನೆಯವರು ‘ಹುಷಾರು’ ಎಂದಷ್ಟೇ ಹೇಳಿ ಕಳಿಸುತ್ತಾರೆ. ಉಳಿದದ್ದನ್ನು ಗೆಳೆಯರು ಕಲಿಸುತ್ತಾರೆ. ಅದರಲ್ಲಿ ಮೊದಲ ಪಾಠವೇ ತಪ್ಪು: ‘ಬಸ್ ಸ್ಲೋ ಆದಾಗ ಇಳಿದುಬಿಡು, ಏನೂ ಆಗಲ್ಲ.’

ಬಸ್ಸು ಗಂಟೆಗೆ 10 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಒಳಗಿದ್ದವರಿಗೆ ಅದು ನಿಂತ ಹಾಗೆಯೇ ಅನ್ನಿಸುತ್ತದೆ. ಆದರೆ ಬಸ್ಸಿನ ಜೊತೆ ನಿಮ್ಮ ಮೈಯೂ ಸೆಕೆಂಡಿಗೆ ಸುಮಾರು 2.8 ಮೀಟರ್ ಮುಂದೆ ಹೋಗುತ್ತಿರುತ್ತದೆ, ಅಂದರೆ ಮಾಮೂಲಿ ನಡಿಗೆಯ ಎರಡರಷ್ಟು. ನೆಲಕ್ಕೆ ಕಾಲಿಟ್ಟ ಕೂಡಲೇ ಪಾದ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಓದಿದ ಜಡತ್ವ ಇದೇ. ‘ಬಸ್ ಹೋಗುವ ಕಡೆಗೇ ನಾಲ್ಕು ಹೆಜ್ಜೆ ಓಡಿದರೆ ಸಾಕು’ ಎನ್ನುವವರ ಲೆಕ್ಕ ಅರ್ಧ ಸರಿ. ಆದರೆ ಬೆನ್ನಿಗೆ ಭಾರದ ಬ್ಯಾಗು, ಕಾಲಡಿ ಒದ್ದೆ ರಸ್ತೆ, ಎಡಗಡೆಯಿಂದ ನುಗ್ಗುವ ಬೈಕು ಆ ಲೆಕ್ಕದಲ್ಲಿ ಇರುವುದಿಲ್ಲ. ಮುಂಬಾಗಿಲಿನ ಬಳಿ ಬಿದ್ದರಂತೂ ಹಿಂದಿನ ಚಕ್ರ ಅಲ್ಲಿಗೇ ಬರುತ್ತದೆ. ಫುಟ್‌ಬೋರ್ಡ್ ಮೇಲೆ ನಿಂತು ಪ್ರಯಾಣಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ನಿಷೇಧಿಸಿದೆ.

ಸೀಟು ಸಿಗದಿದ್ದರೆ ನಿಲ್ಲುವುದಕ್ಕೂ ಒಂದು ರೀತಿ ಇದೆ. ಬ್ರೇಕ್ ಹಾಕಿದಾಗ ಮುಂದಕ್ಕೆ, ಹೊರಟಾಗ ಹಿಂದಕ್ಕೆ ವಾಲುತ್ತೇವೆ. ಹಾಗಾಗಿ ಕಿಟಕಿಯ ಕಡೆ ಮುಖ ಮಾಡಿ, ಕಾಲು ಸ್ವಲ್ಪ ಅಗಲಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದರೆ ಮೈ ಹಿಡಿತದಲ್ಲಿರುತ್ತದೆ. ಬ್ಯಾಗನ್ನು ಎದೆಯ ಕಡೆಗೆ ಹಾಕಿಕೊಳ್ಳಿ, ಇಲ್ಲವೇ ಕಾಲ ಬಳಿ ಇಡಿ. ನೀವು ತಿರುಗಿದಾಗ ಬೆನ್ನಿನ ಬ್ಯಾಗು ಕೂತಿದ್ದ ಅಜ್ಜಿಯ ಮುಖಕ್ಕೆ ಬಡಿಯುವುದು ನಿಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಸ್ಟಾಪು ಕೊನೆಯಲ್ಲಿದ್ದರೆ ಬಾಗಿಲ ಬಳಿ ನಿಲ್ಲದೆ ಒಳಗೆ ಹೋಗಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

‘ಪೇಪರ್ ಮೇಲೆ ಕೂತರೆ ವಾಂತಿ ಬರಲ್ಲ’ ಎಂಬ ಮಾತಿಗೆ ಆಧಾರವಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಗೊಂದಲದಿಂದಲೇ ವಾಕರಿಕೆ. ಮೊಬೈಲ್ ಒಳಗಿಟ್ಟು, ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ. ಆದರೂ ಜೇಬಲ್ಲೊಂದು ಕವರ್ ಇರಲಿ.

ಇನ್ನು ಟಿಕೆಟ್. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ ನಿಜ, ಆದರೆ ಶೂನ್ಯ ಟಿಕೆಟ್ ಪಡೆಯಲೇಬೇಕು. ಗುರುತಿನ ಚೀಟಿ ಜೊತೆಗಿರಲಿ. ಸ್ಟಾಪು ಗೊತ್ತಿಲ್ಲದಿದ್ದರೆ ಟಿಕೆಟ್ ಪಡೆಯುವಾಗಲೇ ‘ಸಾರ್, ಸ್ಟಾಪು ಬಂದಾಗ ಹೇಳಿ’ ಎಂದು ಕಂಡಕ್ಟರಿಗೆ ಹೇಳಿಡಿ. ನಾಚಿಕೆ ಬೇಡ, ಅವರಿಗೆ ಇದು ದಿನದ ಕೆಲಸ.

ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಡಿ. ತೀರ ಹತ್ತಿರ ನಡೆಯುವವರು ಡ್ರೈವರಿಗೆ ಕಾಣದೇ ಹೋಗಬಹುದು, ಓವರ್‌ಟೇಕ್ ಮಾಡುವ ಗಾಡಿಯವರಿಗೂ ಕಾಣುವುದಿಲ್ಲ. ಬಸ್ಸು ಹೋಗುವವರೆಗೆ ಕಾಯಿರಿ.

ಯಾರಾದರೂ ಮೈ ತಾಕಿಸಿ ಕಿರುಕುಳ ಕೊಟ್ಟರೆ ಸುಮ್ಮನೆ ಸರಿದು ನಿಲ್ಲಬೇಕಿಲ್ಲ. ಕಂಡಕ್ಟರಿಗೆ ಕೇಳುವಂತೆ ಜೋರಾಗಿ ಹೇಳಿ. ಪೊಲೀಸರ ನೆರವಿಗೆ 112, ಹದಿನೆಂಟು ತುಂಬದವರಿಗೆ 1098 ಕೂಡ ಇದೆ. ಎರಡನ್ನೂ ಇವತ್ತೇ ಮಕ್ಕಳ ಫೋನಿನಲ್ಲಿ ಸೇವ್ ಮಾಡಿಕೊಡಿ.