ಚಕ್ಕಡಿ ಕೀಲಿನಿಂದ ಟ್ರೇಲರ್ ಬೇರಿಂಗಿನವರೆಗೆ

ಸಹಕಾರ ಸಂಘವೆಂದರೆ ಸಾಲ, ಬೀಜ, ಗೊಬ್ಬರ ಇಷ್ಟೇ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಆದರೆ ತಂದ ಗೊಬ್ಬರ ಹೊಲ ಮುಟ್ಟಬೇಕು, ಬೆಳೆದ ಮಾಲು ಗದಗ, ಲಕ್ಷ್ಮೇಶ್ವರದ ಪೇಟೆ ಮುಟ್ಟಬೇಕು ಅಂದರೆ ಗಾಲಿ ತಿರುಗಬೇಕು. ಆದ್ದರಿಂದ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಗಾಲಿಯ ಅಚ್ಚಿನ ಕತೆಯನ್ನೂ, ಅದರ ದುರಸ್ತಿಗೆ ನಮ್ಮ ಹಳ್ಳಿಗಳಲ್ಲೇ ಮಾಡಿಕೊಂಡ ಹತಾರಗಳ ಕತೆಯನ್ನೂ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇವೆ.

ನಮ್ಮ ಹಿರಿಯರ ಚಕ್ಕಡಿಗೆ ಬೇರಿಂಗ್ ಇರಲಿಲ್ಲ. ಬಡಿಗೇರರು ಕರಿಜಾಲಿ ಕಟ್ಟಿಗೆಯಲ್ಲಿ ಗುಂಬ ಕಡೆದು, ಅರ ಕೂಡಿಸಿ ಗಾಲಿ ಮಾಡುತ್ತಿದ್ದರು. ಕಂಬಾರರು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಗಾಲಿಗೆ ಏರಿಸಿ ನೀರು ಹೊಯ್ಯುತ್ತಿದ್ದರು. ಕಾದ ಕಬ್ಬಿಣ ಹಿಗ್ಗುತ್ತದೆ, ಆರಿದರೆ ಕುಗ್ಗಿ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಅಚ್ಚಿನ ಕೀಲು ತೆಗೆದು, ಗಾಲಿ ಸರಿಸಿ, ಕೀಲೆಣ್ಣೆ ಹಚ್ಚಿದರೆ ಅಂದಿನ ದುರಸ್ತಿ ಮುಗಿಯಿತು.

ಬೇರಿಂಗ್ ಅಂದರೆ ಮೋಟಾರಿನವರ ವಸ್ತು ಅಂತ ನಾವು ತಿಳಿಯುತ್ತೇವೆ. ಆದರೆ ಇಂದು ಗಾಲಿಗೆ ಹಾಕುವ ಟೇಪರ್ ರೋಲರ್ ಬೇರಿಂಗ್ ಬಂದದ್ದು ಗಾಡಿ ಮಾಡುವವರ ಕೈಯಿಂದಲೇ. ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಕುದುರೆಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ ಅವರಿಗೆ 1898ರಲ್ಲಿ ಇದರ ಪೇಟೆಂಟ್ ದೊರೆಯಿತು. ತುಂಬಿದ ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಗೆ ಮೇಲಿನ ಭಾರವೂ ಬೀಳುತ್ತದೆ, ಮಗ್ಗುಲಿನ ಒತ್ತಡವೂ ಬೀಳುತ್ತದೆ. ಒಂದು ತುದಿ ಸಣ್ಣಗಿರುವ ಓರೆ ರೋಲರ್ ಎರಡನ್ನೂ ತಡೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ 1946ರಲ್ಲಿ ಜೈಪುರದಲ್ಲಿ ಬೇರಿಂಗ್ ಕಂಪನಿ ಸ್ಥಾಪನೆಯಾಗಿ, 1950ರಲ್ಲಿ ತಯಾರಿಕೆ ಶುರುವಾಯಿತು. ನಮ್ಮ ಕಡೆ ಮೊದಲು ರಬ್ಬರ್ ಟಾಯರಿನ ಡನ್ಲಪ್ ಗಾಡಿ, ಆಮೇಲೆ ಟ್ರ್ಯಾಕ್ಟರ್ ಟ್ರೇಲರ್ ಬಂದಂತೆ ಬೇರಿಂಗೂ ಹಳ್ಳಿ ಹೊಕ್ಕಿತು.

ಆದರೆ ನಮ್ಮ ನೆಲ ಬೇರಿಂಗಿಗೆ ಒಳ್ಳೆಯದಲ್ಲ. ಗದಗ, ಲಕ್ಷ್ಮೇಶ್ವರದ ಕಡೆ ಎರೆ ಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಶಿರಹಟ್ಟಿ, ಮುಂಡರಗಿ ಕಡೆ ಕಪ್ಪತಗುಡ್ಡದ ಮಗ್ಗುಲಿಗೆ ಮಸಾರಿ, ತುಂಗಭದ್ರೆಯ ದಂಡೆಗೆ ಉಸುಕು. ಸೀಲು ಸವೆದಿದ್ದರೆ ಮಣ್ಣು, ನೀರು ಒಳಗೆ ಹೋಗಿ ಗ್ರೀಸಿನಲ್ಲಿ ಕಲಸಿ, ಸಾಣೆಕಲ್ಲಿನ ಹಾಗೆ ಬೇರಿಂಗನ್ನು ತೇಯುತ್ತದೆ. ಗಾಲಿ ಗರಗರ ಅಂತದೆ, ಹಬ್ ಕೈ ಮುಟ್ಟಲಾಗದಷ್ಟು ಕಾಯುತ್ತದೆ. ಕಡಲೆ, ಜೋಳ ಬಿತ್ತುವ ಹದದಲ್ಲಿ ಟ್ರೇಲರ್ ಹೊಲದಾಗ ನಿಂತರೆ, ಹದ ಯಾರಿಗೂ ಕಾಯೋದಿಲ್ಲ.

ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವವು ಮನೆ ಹತಾರಗಳು. ಮೊದಲನೆಯದು ಪುಲ್ಲರ್. ದಪ್ಪ ಕಬ್ಬಿಣದ ಪಟ್ಟಿಗೆ ನಡುವೆ ತೂತು ಕೊರೆದು ದೊಡ್ಡ ನಟ್ಟು ವೆಲ್ಡ್ ಮಾಡಬೇಕು, ಎರಡೂ ಕಡೆ ಕೊಕ್ಕೆಯಿರುವ ಕಾಲು ಜೋಡಿಸಬೇಕು. ಕೊಕ್ಕೆ ಬೇರಿಂಗಿನ ಒಳಬಳೆಯನ್ನು ಹಿಂದಿನಿಂದ ಹಿಡಿಯುತ್ತದೆ, ನಡುವಿನ ಬೋಲ್ಟ್ ಅಚ್ಚಿನ ತುದಿಯನ್ನು ಒತ್ತುತ್ತದೆ. ಬೋಲ್ಟ್ ತಿರುವಿದಂತೆ ಬಳೆ ಹೊರಗೆ ಬರುತ್ತದೆ. ಎರಡನೆಯದು ಅಚ್ಚಿನ ದೊಡ್ಡ ನಟ್ಟಿಗೆ ಪಾನಾ. ನಟ್ಟಿನ ಅಳತೆಯ ಪೈಪಿನ ತುದಿಯನ್ನು ಕಾಯಿಸಿ, ನಟ್ಟಿನ ಮೇಲೇ ಬಡಿದು ಆರು ಮೂಲೆ ಕೂಡಿಸುತ್ತಾರೆ. ಮೂರನೆಯದು ಹಳೇ ಬೇರಿಂಗಿನ ಹೊರಬಳೆ. ಅದರ ಹೊರಮೈಯನ್ನು ಸ್ವಲ್ಪ ತೇಯ್ದು ಸಣ್ಣದು ಮಾಡಿದರೆ, ಹೊಸ ಹೊರಬಳೆಯನ್ನು ಹಬ್ಬಿನೊಳಗೆ ಸಮನಾಗಿ ಕೂಡಿಸಲು ಅದಕ್ಕಿಂತ ಒಳ್ಳೆ ಹತಾರವಿಲ್ಲ.

ಹಬ್ಬಿನೊಳಗೆ ಕಚ್ಚಿಕೊಂಡ ಹಳೇ ಹೊರಬಳೆಯನ್ನು ತೆಗೆಯುವ ಉಪಾಯ ಎಲ್ಲಕ್ಕಿಂತ ಚೆಂದ. ಗ್ರೀಸು ಪೂರ್ತಿ ಒರೆಸಿ, ಬಳೆಯ ಒಳಮೈಗೆ ಸುತ್ತಲೂ ಒಂದು ಸಾಲು ವೆಲ್ಡಿಂಗ್ ಹಾಕಬೇಕು. ವೆಲ್ಡಿಂಗ್ ಆರಿದಂತೆ ಬಳೆ ಕುಗ್ಗಿ ತಾನೇ ಸಡಿಲಾಗುತ್ತದೆ. ಚಕ್ಕಡಿಯ ಹಳಿ ಕುಗ್ಗಿ ಹಿಡಿಯುತ್ತಿತ್ತು, ಇಲ್ಲಿ ಬಳೆ ಕುಗ್ಗಿ ಬಿಡುತ್ತದೆ. ವಿದ್ಯೆ ಕಂಬಾರರದ್ದೇ. ಬಿಗಿಯಾದ ಒಳಬಳೆ ಏರಿಸಲಿಕ್ಕೂ ಅದೇ ವಿದ್ಯೆ. ಬೇರಿಂಗನ್ನು ಪಾತ್ರೆಯ ತಳ ಮುಟ್ಟದಂತೆ ತಂತಿಯಿಂದ ತೂಗಬಿಟ್ಟು, ಎಣ್ಣೆಯಲ್ಲಿ 100 ಡಿಗ್ರಿ ಆಸುಪಾಸು ಕಾಯಿಸಿದರೆ ಹಿಗ್ಗಿ ಸಲೀಸಾಗಿ ಕೂಡುತ್ತದೆ. ನೇರ ಬೆಂಕಿ ಹಿಡಿದರೆ ಉಕ್ಕಿನ ಕಸುವು ಹೋಗುತ್ತದೆ.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಬೇರಿಂಗಿನ ಉಕ್ಕು ಬಲು ಗಡಸು. ಸುತ್ತಿಗೆಯಿಂದ ನೇರ ಹೊಡೆದರೆ ಚೂರು ಸಿಡಿದು ಕಣ್ಣು ಹೋಗಬಹುದು. ನಡುವೆ ಹಿತ್ತಾಳೆ ಅಥವಾ ಮೆತ್ತನೆ ಕಬ್ಬಿಣದ ತುಂಡು ಇರಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಟ್ರೇಲರನ್ನು ಬರೇ ಜಾಕಿನ ಮೇಲೆ ಬಿಡದೆ ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಉಳಿದ ಗಾಲಿಗೆ ಕಲ್ಲು ಇಡಬೇಕು. ಜೋಡಿಸಿದ ಮೇಲೆ ಗಾಲಿ ತಿರುವುತ್ತ ನಟ್ಟು ಬಿಗಿಮಾಡಿ, ಆಮೇಲೆ ತುಸು ಸಡಿಲಿಸಿ, ಹೊಸ ಪಿನ್ನು ಹಾಕಬೇಕು. ಬಿಗಿ ಹೆಚ್ಚಾದರೆ ಬೇರಿಂಗ್ ಸುಡುತ್ತದೆ.

ಇಂಥ ಹತಾರ ವರ್ಷಕ್ಕೆ ಒಂದೆರಡು ಸಲ ಬೇಕಾಗುವಂಥವು. ಪ್ರತಿ ಮನೆಯಲ್ಲೂ ಇರಬೇಕಾಗಿಲ್ಲ, ಊರಿಗೊಂದು ಜೋಡಿ ಇದ್ದರೆ ಸಾಕು. ಒಬ್ಬರಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಆ ದಾರಿಯಲ್ಲೇ ನಡೆದಿರುವ ನಮ್ಮ ಸಂಘದ ಗೋದಾಮಿನಲ್ಲಿ ಈ ವರ್ಷ ಒಂದು ಹತಾರ ಪೆಟ್ಟಿಗೆ ಇಡೋಣ. ಒಯ್ದವರು ವಹಿಯಲ್ಲಿ ಸಹಿ ಮಾಡಲಿ, ಒರೆಸಿ ತಿರುಗಿ ತಂದಿಡಲಿ. ಊರಿನ ಹಿರಿಯ ಕಂಬಾರರನ್ನು ಕರೆದು, ಅವರ ಕೈಯಲ್ಲಿರುವ ವಿದ್ಯೆಯನ್ನು ನಮ್ಮ ಹುಡುಗರು ನೋಡಿ ಕಲಿಯುವಂತಾಗಲಿ. ಕುಲುಮೆ ಆರಿದ ಮೇಲೆ ಕೇಳಲಿಕ್ಕೆ ಹೋದರೆ ಹೇಳುವವರು ಇರೋದಿಲ್ಲ.